ಹಾಡು ನಿಲ್ಲಿಸುವ ಸಂಘ

ಹೊಳೆಮ್ಮ ಚೋರನೂರಿಗೆ ಬಂದಿಳಿಯುವ ಮೊದಲೇ ಅವಳ ದನಿ ಅಲ್ಲಿಗೆ ಬಂದು ಮುಟ್ಟಿತ್ತು. ಬಸ್ಸು ನಿಲ್ಲುವ ಬೇವಿನ ಮರದ ಕೆಳಗೆ ಗಣಿ ಕಂಪನಿಯ ಜೀಪು. ಜೀಪಿನ ನೆತ್ತಿಯ ಮೇಲೆ ಎರಡು ಮೈಕು. ಆ ಮೈಕಿನೊಳಗೆ ಹೊಳೆಮ್ಮ ಹಾಡುತ್ತಿದ್ದಳು.

ಬಾಗಿಲ ತೆರಿಯವ್ವ, ಕೆಂಪಮ್ಮ ಬಂದಾಳ
ಉಡಿ ತುಂಬ ಹೊನ್ನ ತಂದಾಳ

ಕೆಳಗೆ ನಿಂತ ಹೊಳೆಮ್ಮ ಕೈಚೀಲ ಹಿಡಿದುಕೊಂಡು ಕಲ್ಲಾದಳು. ಹಾಡು ನಿಂತ ಕೂಡಲೇ ಒಬ್ಬ ಗಂಡಸಿನ ದನಿ ಶುರುವಾಯಿತು. ರೈತ ಬಾಂಧವರೇ, ಮಳೆ ನಂಬಿ ಎಷ್ಟು ದಿನ ಸಾಯುತ್ತೀರಿ, ಹೊಲ ಕೊಡಿ, ಅದಿರಿನ ಪ್ಲಾಟಿಗೆ ಕೊಡಿ, ಮನೆಗೊಂದು ನೌಕರಿ ಒಯ್ಯಿರಿ. ಆಮೇಲೆ ಮತ್ತೆ ಹೊಳೆಮ್ಮ. ಉಡಿ ತುಂಬ ಹೊನ್ನ ತಂದಾಳ.

ಅವಳು ಬಂದದ್ದು ತಂಗಿ ಉಚ್ಚೆಂಗಮ್ಮನ ಮನೆಗೆ. ತಂಗಿಯ ಮಗಳು ಹಡೆದಿದ್ದಳು. ಬಾಣಂತಿಗೆಂದು ಕೊಬ್ಬರಿ, ಉತ್ತತ್ತಿ, ಬೆಲ್ಲ, ಕೂಸಿಗೊಂದು ಕುಲಾವಿ ತಂದಿದ್ದಳು. ಉಚ್ಚೆಂಗಮ್ಮ ಬಾಗಿಲಲ್ಲೇ ನಿಂತಳು. ಒಳಗೆ ಬಾ ಅನ್ನಲಿಲ್ಲ. ಒಂದು ಚೆಂಬು ನೀರನ್ನೂ ತರಲಿಲ್ಲ.

‘ಕೂಸು ಮಲಗೈತಿ’ ಅಂದಳು.

‘ಮಲಗ್ಲಿ ಬಿಡು. ನೋಡಿ ಹೋಕ್ಕೀನಿ.’

‘ಬ್ಯಾಡಕ್ಕ. ನೀ ಕಂಪನಿಯಾಕಿ ಈಗ. ಎಷ್ಟಕ್ಕ ಮಾರಿದಿ ಬಾಯಿ?’

ಹೊಳೆಮ್ಮನಿಗೆ ಕಪಾಳಕ್ಕೆ ಬಿಗಿದಂತಾಯಿತು. ‘ಏನಂದಿ? ನಾನಾ? ನಾ ಮಾರಿದ್ನಾ?’

‘ಮತ್ತ ಜೀಪಿನ್ಯಾಗ ಬೊಗಳಾಕಿ ಯಾರು, ನಾನಾ?’ ಉಚ್ಚೆಂಗಮ್ಮನ ಗಂಟಲು ಏರಿತು. ‘ಆ ಹುಲುಗಪ್ಪ ನಿನ್ನೆ ಹೋಗಿ ಹೆಬ್ಬೆಟ್ಟು ಒತ್ತಿ ಬಂದ. ಯಾಕಲೇ ಅಂದ್ರ, ಹೊಳೆಮ್ಮಕ್ಕ ಹೇಳ್ತಾಳ, ಆಕಿ ಸುಳ್ಳು ಹೇಳಾಕಿ ಅಲ್ಲ ಅಂದ. ನಮ್ಮ ಹೊಲ ಅವನ ಹೊಲದ ನಡುವ ಐತಿ. ಸುತ್ತ ಕೊಟ್ಟ ಮ್ಯಾಲೆ ನಾವೇನು ಗಾಳ್ಯಾಗ ಹಾರಿ ಹೊಲಕ್ಕ ಹೋಗೂನು? ಈ ಕೂಸಿಗೆ ಇರೂದು ಅದೊಂದ ತುಂಡು ನೆಲ.’

ಹೊಳೆಮ್ಮ ಚೀಲವನ್ನು ಕಟ್ಟೆಯ ಮೇಲಿಟ್ಟಳು. ಉಚ್ಚೆಂಗಮ್ಮ ಅದನ್ನೆತ್ತಿ ಅವಳ ಕೈಗೇ ಕೊಟ್ಟಳು. ವಾಪಸು ಬಸ್ಸಿಗೆ ಕಾಯುವಷ್ಟು ಹೊತ್ತೂ ಆ ಜೀಪು ಹಾಡುತ್ತಲೇ ಇತ್ತು. ತನ್ನದೇ ದನಿಯ ಬಾಯಿ ಮುಚ್ಚಿಸಲು ಅವಳಿಗೇ ಆಗಲಿಲ್ಲ.

ಆ ಹಾಡು ಹುಟ್ಟಿದ್ದು ಹೇಗೆಂದು ಕೇಳಿ.

ಹೊಳೆಮ್ಮ ಪಾಪಿನಾಯಕನಹಳ್ಳಿಯ ಹೊಲಗೇರಿಯವಳು. ಊರಾಚೆಯ ಅದಿರು ಪ್ಲಾಟಿನಲ್ಲಿ ಕೂಲಿ. ಗಂಡಸರು ಹಾರೆಯಿಂದ ಎಬ್ಬಿಸಿದ ಕಲ್ಲನ್ನು ಹೆಂಗಸರು ಸುತ್ತಿಗೆಯಿಂದ ಒಡೆಯಬೇಕು, ಜರಡಿ ಹಿಡಿಯಬೇಕು, ಬುಟ್ಟಿ ಹೊತ್ತು ಲಾರಿಗೆ ತುಂಬಬೇಕು. ಜರಡಿ ಹಿಡಿದು ಹಿಡಿದು ಅವಳ ಎರಡೂ ಅಂಗೈ ಒಡೆದಿದ್ದವು. ಒಡೆದ ಬಿರುಕಿನೊಳಗೆ ಅದಿರು ಕೂತು ಬಿಟ್ಟಿತ್ತು, ತೊಳೆದರೂ ಹೋಗದು. ಉಗುಳಿದರೆ ಕೆಂಪು. ಬೆವರು ಕೆಂಪು. ತಲೆಗೆ ನೀರು ಹಾಕಿಕೊಂಡರೆ ಬಚ್ಚಲು ಕೆಂಪು. ಚೀನಾಕ್ಕೆ ಹೋಗುತ್ತದಂತೆ ಈ ಮಣ್ಣು. ಅಲ್ಲಿ ಏನೋ ದೊಡ್ಡ ಆಟ ಆಡಿಸುತ್ತಾರಂತೆ, ಅದಕ್ಕೆ ಉಕ್ಕು ಬೇಕಂತೆ. ಆ ಆಟದ ದೆಸೆಯಿಂದ ಹೊಸಪೇಟೆಯಲ್ಲಿ ನಿನ್ನೆ ಮೊನ್ನೆ ಸೈಕಲ್ ತುಳಿಯುತ್ತಿದ್ದವರು ಇಂದು ಉದ್ದುದ್ದ ಕಾರಿನಲ್ಲಿ ಓಡಾಡುತ್ತಿದ್ದರು.

ಪ್ಲಾಟಿನ ಹೆಂಗಸರಲ್ಲಿ ವಿರುಪಮ್ಮ ಎಲ್ಲರಿಗಿಂತ ಹಿರಿಯಳು. ಸೊಸೆಯೂ ಅಲ್ಲೇ ಕೂಲಿ. ಸೊಸೆಯ ಕೂಸನ್ನು ಲಾರಿಯ ನೆರಳಿನಲ್ಲಿ ಸೀರೆ ಜೋಳಿಗೆ ಕಟ್ಟಿ ಮಲಗಿಸುತ್ತಿದ್ದರು. ಕೂಸು ಕೆಮ್ಮಿತು. ಕೆಮ್ಮುತ್ತಲೇ ಇತ್ತು. ದವಾಖಾನೆಗೆ ಒಯ್ದಾಗ ಎದೆಯ ತುಂಬ ಧೂಳಿದೆ ಅಂದರು. ಅದನ್ನು ಮಣ್ಣು ಮಾಡಿ ಬಂದ ಮಾರನೆಯ ದಿನವೇ ಎಲ್ಲರೂ ಕೂಲಿಗೆ ಬಂದಿದ್ದರು, ಬರದೆ ಏನು ಮಾಡಬೇಕು? ಆಗ ಹೊಳೆಮ್ಮ ಸುತ್ತಿಗೆ ಹಾಕುತ್ತ ಹಾಡು ಕಟ್ಟಿದಳು. ಸೊಸೆಯನ್ನು ಮನೆ ತುಂಬಿಸಿಕೊಳ್ಳುವ ಸೋಬಾನೆಯ ಧಾಟಿ. ಬರುವವಳು ಸೊಸೆಯಲ್ಲ, ಧೂಳು. ಉಡಿ ತುಂಬ ಹೊನ್ನು ತಂದಿದ್ದಾಳೆ ಕೆಂಪಮ್ಮ, ಬಾಗಿಲು ತೆಗೆಯಿರಿ. ತೆಗೆದ ಮೇಲೆ?

ಉಡಿ ಬಿಚ್ಚಿ ನೋಡಿದರ ಉಸಿರ ಕಟ್ಟೈತೆವ್ವ
ಹೊಲ ನುಂಗಿ ನೀರ ಕುಡಿದಾಳ
ತೊಟ್ಟಿಲ ಕೂಸ ಎತ್ತಾಳ

ಇಷ್ಟು ಹಾಡಿದಾಗ ವಿರುಪಮ್ಮ ಸುತ್ತಿಗೆ ಬಿಟ್ಟು ಬೋರೆಂದು ಅತ್ತಳು. ಎಲ್ಲರೂ ಅತ್ತರು. ಮೇಸ್ತ್ರಿ ಬಂದು ಬೈದ. ಅವನು ಬೈದ ಮೇಲೆ ಇನ್ನೂ ಜೋರಾಗಿ ಹಾಡಿದರು.

ಹೊಸಪೇಟೆಯ ಕೊಟ್ರಯ್ಯ ಈ ಹಾಡಿನ ಸುದ್ದಿ ಕೇಳಿ ಹುಡುಕಿಕೊಂಡು ಬಂದ. ಬಸ್ ಸ್ಟ್ಯಾಂಡಿನ ಹತ್ತಿರ ಅವನದು ಕ್ಯಾಸೆಟ್ ಅಂಗಡಿ, ಹಿಂದೆ ಗೋಡೆಗೆ ಗೋಣಿಚೀಲ ಹೊಡೆದ ಒಂದು ರೆಕಾರ್ಡಿಂಗ್ ಕೋಣೆ. ಎಲ್ಲವನ್ನೂ ಹಾಡಿಸಿಕೊಂಡ. ಕ್ಯಾಸೆಟ್ ಬಂದಾಗ ನೋಡಿದರೆ ನಡುವಿನದನ್ನು ಕತ್ತರಿಸಿ ಎಸೆದಿದ್ದ. ಕೂಸು, ಹೊಲ, ಉಸಿರು, ಎಲ್ಲ ಹೋಗಿ ಬರೇ ಹೊನ್ನು ಉಳಿದಿತ್ತು. ಯಾಕ್ರೀ ಹಿಂಗ ಅಂದರೆ, ‘ಅಮಂಗಳ ಆಗ್ತೈತಿ ಹೊಳೆಮ್ಮ, ಮದಿವ್ಯಾಗ ಜನ ಹಾಕಂಗಿಲ್ಲ’ ಅಂದಿದ್ದ. ಹೊಳೆಮ್ಮ ಆಗ ಸುಮ್ಮನಾಗಿದ್ದಳು. ಅದೇ ಕ್ಯಾಸೆಟ್ ಗಣಿ ಕಂಪನಿಯ ಜೀಪು ಹತ್ತೀತು ಎಂದು ಅವಳಿಗೇನು ಕನಸು ಬಿದ್ದಿತ್ತೇ?

ಚೋರನೂರಿನಿಂದ ಬಂದವಳು ನೆಟ್ಟಗೆ ಹೊನ್ನೂರುಸ್ವಾಮಿಯ ಹತ್ತಿರ ಹೋದಳು. ಅವನು ಅದೇ ಕೇರಿಯವನು. ಹೊಸಪೇಟೆಯಲ್ಲಿ ಜೆರಾಕ್ಸ್ ಅಂಗಡಿ, ಸಂಜೆಗೆ ಕೂಲಿಕಾರರ ಸಂಘಟನೆ, ಮೆರವಣಿಗೆ, ಜೈಲು, ಜಾಮೀನು.

‘ಅಕ್ಕಾ, ಹಾಡು ಕಟ್ಟಿದವ್ರಿಗೆ ಕಾನೂನು ಐತಿ’ ಅಂದ ಅವನು. ‘ಅವ್ರದ ಸಂಘ ಇರ್ತಾವ. ಎಲ್ಲೇ ನಿನ್ನ ಹಾಡು ಹಾಕ್ಲಿ, ಹೋಟೆಲ್‌ನ್ಯಾಗ, ಆರ್ಕೆಸ್ಟ್ರಾದಾಗ, ರೇಡಿಯೋದಾಗ, ಸಂಘದವ್ರು ಹೋಗಿ ಕೇಳ್ತಾರ. ನಿನಗ ಪಾಲು ಬರ್ತೈತಿ. ಬೆಂಗಳೂರಿಂದು ಒಂದೈತಿ. ಕೊಟ್ರಯ್ಯನೂ ಈಗ ಇಲ್ಲೇ ಗಾನಹಕ್ಕು ಸಂಘ ಅಂತ ಒಂದು ತಗದಾನ. ಎರಡರಾಗ ಒಂದ ಆರಿಸ್ಕೋಬೇಕು. ಒಂದಕ್ಕ ಸೇರಿದ್ರ ಇನ್ನೊಂದಕ್ಕ ಸೇರಂಗಿಲ್ಲ.’

‘ಪಾಲು ಅತ್ತಾಗಿರ್ಲಿ. ಆ ಜೀಪು ನಿಲ್ಲಿಸೂದು ಯಾವ ಸಂಘ?’

ಹೊನ್ನೂರುಸ್ವಾಮಿ ತಲೆ ಕೆರೆದುಕೊಂಡ. ‘ಕೇಳೂನು ನಡಿ’ ಅಂದ.

ಮೊದಲು ಕೊಟ್ರಯ್ಯನ ಅಂಗಡಿಗೆ ಹೋದರು. ಒಳಗೆ ನಾಲ್ಕಾರು ಜನ ಕುರ್ಚಿಯಲ್ಲಿ ಕೂತು ಪಿಂಗಾಣಿ ಕಪ್ಪಿನಲ್ಲಿ ಚಾ ಕುಡಿಯುತ್ತಿದ್ದರು. ಹೊಳೆಮ್ಮನಿಗೆ ಮಾತ್ರ ಪ್ಲಾಸ್ಟಿಕ್ ಲೋಟ. ಈ ಪ್ಲಾಸ್ಟಿಕ್ ಲೋಟ ಬಂದ ಮೇಲೆ ಇವರಿಗೆಲ್ಲ ಎಷ್ಟು ಸಲೀಸಾಯಿತು ನೋಡಿ. ಬೇರೆ ಲೋಟ ಇಡುವುದು ಬೇಡ, ತೊಳೆಸುವುದು ಬೇಡ, ಯಾರೂ ಕೇಸು ಹಾಕುವಂತಿಲ್ಲ. ಕುಡಿದು ಹಿಚುಕಿ ಎಸೆದರಾಯಿತು. ಹೊಳೆಮ್ಮ ಲೋಟ ಮುಟ್ಟಲಿಲ್ಲ.

‘ನೀ ನಮ್ಮ ಸಂಘಕ್ಕ ಬಾರವ್ವ’ ಅಂದ ಕೊಟ್ರಯ್ಯ. ‘ಹಾಡುಗಾರ್ತಿ ಅಂತ ಸೇರಿಸ್ಕೊಂತೀನಿ.’

‘ಹಾಡು ಕಟ್ಟಿದಾಕಿ ಅಂತ ಸೇರಿಸ್ಕೊಳ್ರಿ.’

‘ಕಟ್ಟಿದ್ದು ನೀನಾ?’ ಕೊಟ್ರಯ್ಯ ನಕ್ಕು ಉಳಿದವರ ಮುಖ ನೋಡಿದ. ಅವರೂ ನಕ್ಕರು. ‘ಅದು ಜಾನಪದ. ನಿಮ್ಮವ್ವ, ನಿಮ್ಮಜ್ಜಿ, ಅವರವ್ವ ಹಾಡ್ಕೊಂತ ಬಂದದ್ದು. ಯಾರದೂ ಅಲ್ಲ ಅದು.’

‘ನಮ್ಮಜ್ಜಿ ಕಾಲಕ್ಕ ಅದಿರು ಲಾರಿ ಇದ್ವೇನ್ರಿ?’

ಕೊಟ್ರಯ್ಯ ಕ್ಯಾಸೆಟ್ ಒಂದನ್ನು ಎತ್ತಿ ಟೇಬಲ್ಲಿಗೆ ಬಡಿದ. ‘ಯಾರದೂ ಅಲ್ಲ ಅಂದ್ರ ಸಂಗ್ರಹ ಮಾಡಿದವರದು. ಅಂದ್ರ ನಂದು. ಕಂಪನಿಯವ್ರು ನನ್ನ ಕೇಳಿ ಹಾಕ್ಯಾರ. ನಿನಗ್ಯಾಕ ಬ್ಯಾನಿ?’

‘ಜೀಪಿನ್ಯಾಗ ಹಾಕೂದು ನಿಲ್ಲಿಸ್ತೀರೇನು, ಅದನ್ನ ಹೇಳ್ರಿ.’

‘ಹಾಡು ನಾಕ ಕಡೆ ಕೇಳ್ಲಿ ಅಂತ ಸಂಘ ಮಾಡ್ತಾರ. ನಿಲ್ಲಿಸಾಕ ಯಾರರ ಸಂಘ ಕಟ್ತಾರೇನಲೇ?’

ಹೊಳೆಮ್ಮ ಎದ್ದು ಬಂದಳು. ಎದ್ದು ಅಂದರೆ, ಅವಳು ಕೂತೇ ಇರಲಿಲ್ಲ. ನಿಂತೇ ಮಾತಾಡಿದ್ದಳು, ಹೊರಳಿ ನಡೆದಳು.

ಬೆಂಗಳೂರು ಸಂಘದ ಸಾಹೇಬರು ಸದಸ್ಯರನ್ನು ಮಾಡಿಕೊಳ್ಳಲು ಹೊಸಪೇಟೆಗೆ ಬಂದು ಒಂದು ಹೋಟೆಲಿನ ಹಾಲಿನಲ್ಲಿ ಕೂತಿದ್ದರು. ಒಳ್ಳೆಯ ಮನುಷ್ಯ. ಅದನ್ನು ಹೇಳಲೇಬೇಕು. ಕುರ್ಚಿ ಕೊಟ್ಟರು, ಎಲ್ಲರಿಗೂ ಕೊಟ್ಟ ಕಪ್ಪಿನಲ್ಲೇ ಚಾ ಕೊಟ್ಟರು, ರೀ ಹಚ್ಚಿ ಮಾತಾಡಿದರು. ಹೊನ್ನೂರುಸ್ವಾಮಿ ಖುಷಿಯಲ್ಲಿ ಅರ್ಧ ಕುಣಿಯುತ್ತಿದ್ದ. ಸಾಹೇಬರು ಕ್ಯಾಸೆಟ್ ಹಾಕಿಸಿ ಕಣ್ಣು ಮುಚ್ಚಿ ಕೇಳಿದರು. ಕೊನೆಯ ಸಾಲು ಬಂತು.

ಹೊಸಪ್ಯಾಟಿ ಕೊಟ್ರಯ್ಯನ ಮನಿ ತಂಪಿರಲಿ

ಸಾಹೇಬರು ಕಣ್ಣು ಬಿಟ್ಟರು. ‘ಇದು ತೊಡಕಾಯಿತಲ್ಲಮ್ಮ. ಹಾಡಿನ ಕೊನೆಗೆ ಅಂಕಿತ ಕೊಟ್ರಯ್ಯ ಅಂತಿದೆ. ಪದ ಕಟ್ಟಿದವರು ತಮ್ಮ ಹೆಸರನ್ನೋ ತಮ್ಮ ದೇವರ ಹೆಸರನ್ನೋ ಕೊನೆಗೆ ಹಾಕೋದು ಪದ್ಧತಿ. ನಾಳೆ ಅವರು ಇದನ್ನೇ ತೋರಿಸಿದರೆ ನಾವೇನು ಹೇಳೋಣ?’

‘ಅದು ಅಂಕಿತ ಅಲ್ರಿ, ಹರಕಿ!’ ಹೊಳೆಮ್ಮ ಕುರ್ಚಿಯಿಂದ ಎದ್ದೇಬಿಟ್ಟಳು.

ಹೇಗೆ ತಿಳಿಸಿ ಹೇಳಬೇಕು ಇವರಿಗೆ? ಅವಳ ಕೇರಿಯ ಹೆಂಗಸರು ಊರ ಮದುವೆಗಳಿಗೆ ಹೋಗಿ ಚಪ್ಪರದ ಹೊರಗೆ ನಿಂತು ಹಾಡುವವರು. ಯಾರ ಚಪ್ಪರವೋ ಅವರ ಹೆಸರು ಹಾಡಿನ ಕೊನೆಗೆ. ಅವರ ಮನಿ ತಂಪಿರಲಿ, ಅವರ ದನ ಕರು ತಂಪಿರಲಿ. ಹಂಗೆ ಹಾಡಿದರೆ ಮಾತ್ರ ಉಡಿಗೆ ಅಕ್ಕಿ. ಮರೆತು ಬಿಟ್ಟರೆ ಬೈಗುಳ. ಅವಳ ಅವ್ವ ಬದುಕಿಡೀ ಹಾಡು ಕಟ್ಟಿದಳು, ಒಂದರಲ್ಲೂ ಅವಳ ಹೆಸರಿಲ್ಲ. ಇದ್ದದ್ದೆಲ್ಲ ಗೌಡರು, ಸಾವುಕಾರರು. ಕೊಟ್ರಯ್ಯನ ಕೋಣೆಯಲ್ಲಿ ನಿಂತು ಹಾಡುವಾಗಲೂ ಅದೇ ರೂಢಿ ನಾಲಿಗೆಗೆ ಬಂದಿತ್ತು. ಚಪ್ಪರ ಅವನದು, ಹೆಸರು ಅವನದು. ಕೊಟ್ರಯ್ಯ ನಡು ಕತ್ತರಿಸುವಾಗ ಈ ಸಾಲನ್ನು ಮಾತ್ರ ಜೋಪಾನ ಮಾಡಿಕೊಂಡಿದ್ದ, ಕಳ್ಳ!

ಇದನ್ನೆಲ್ಲ ಅವಳು ಹೇಳಿದಳು. ಸಾಹೇಬರು ತಾಳ್ಮೆಯಿಂದ ಕೇಳಿದರು. ‘ನನಗೆ ನಂಬಿಕೆ ಇದೆ’ ಅಂದರು. ‘ಆದರೆ ಕೊಟ್ರಯ್ಯನವರು ಒಂದು ಸಹಿ ಹಾಕಿಕೊಡಬೇಕು, ಇದು ಇವರದೇ ಅಂತ.’

‘ಕದ್ದವ ಸಹಿ ಹಾಕಬೇಕೇನ್ರಿ?’

ಸಾಹೇಬರು ಕ್ಯಾಸೆಟ್ ತೆಗೆದು ಟೇಬಲ್ ಮೇಲಿಟ್ಟರು.

‘ಹೋಗ್ಲಿ. ಹಾಕಿದ ಅಂತ ತಿಳ್ಕೊಳ್ರಿ. ನಾ ನಿಮ್ಮ ಸಂಘಕ್ಕ ಸೇರಿದೆ. ಆ ಜೀಪಿನವ್ರಿಗೆ ಹಾಕಬ್ಯಾಡ್ರಿ ಅಂತ ಹೇಳ್ತೀರಾ?’

‘ಹಾಗೆ ಬರೋದಿಲ್ಲಮ್ಮ. ಯಾರೇ ಬಂದು ದುಡ್ಡು ಕಟ್ಟಿದರೆ ನಾವು ಪರವಾನಗಿ ಕೊಡಲೇಬೇಕು. ನಿಮ್ಮ ಪಾಲು ನಿಮಗೆ ತಲುಪಿಸುತ್ತೇವೆ. ಯಾರು ಹಾಡಬೇಕು, ಯಾರು ಹಾಡಬಾರದು ಅಂತ ನೋಡೋದಿಲ್ಲ.’

‘ಅಂದ್ರ ಆ ಹೊಲ ಕಸಿಯಾಕ ನನ್ನ ಹಾಡು, ಅದರಾಗ ನನಗೂ ಒಂದು ತುತ್ತು’ ಅಂದಳು ಹೊಳೆಮ್ಮ. ಕೈ ಮುಗಿದು ಹೊರಗೆ ಬಂದಳು. ಮೆಟ್ಟಿಲ ಮೇಲೆ ಹೊನ್ನೂರುಸ್ವಾಮಿ ಅವಳ ಹಿಂದೆ ಓಡಿ ಬಂದ.

‘ಅಕ್ಕಾ, ಸಿಟ್ಟಿಗೇಳಬ್ಯಾಡ. ಹೆಸರರ ಬರ್ತೈತಿ. ನಮ್ಮ ಕೇರಿಯಾಕಿ ಹಾಡು ಕಟ್ಟಿದ್ಲು ಅಂತ ಸರ್ಕಾರದ ಕಾಗದದಾಗ ಬರ್ತೈತಿ. ಅದೇನು ಸಣ್ಣದಾ?’

‘ಸಣ್ಣದಲ್ಲಪಾ. ಆದ್ರ ನಮ್ಮ ತಂಗಿ ನನ್ನ ಹೊಸ್ತಿಲ ದಾಟಿಸಿಲ್ಲ.’ ಅವಳು ಇನ್ನೊಂದು ಮೆಟ್ಟಿಲು ಇಳಿದಳು. ‘ನಾಳಿಗೆ ಆ ಊರಾಗ ಇನ್ನೊಬ್ಬ ಹೆಬ್ಬೆಟ್ಟು ಒತ್ತಿದ್ರ ಅದು ನನ್ನ ಹೆಬ್ಬೆಟ್ಟು.’

ರಾತ್ರಿ ನಿದ್ದೆ ಬರಲಿಲ್ಲ, ಅನ್ನವೂ ಸೇರಲಿಲ್ಲ. ಬೆಳಿಗ್ಗೆ ಪ್ಲಾಟಿಗೆ ಹೋದರೂ ಕೈ ಒಂದು ಕಡೆ, ಮನಸ್ಸೊಂದು ಕಡೆ. ಅಷ್ಟರಲ್ಲಿ ಅದೇ ಜೀಪು ಡೀಸೆಲ್ ಹಾಕಿಸಿಕೊಳ್ಳಲು ಪ್ಲಾಟಿನೊಳಗೆ ಬಂತು. ಪ್ಲಾಟು, ಜೀಪು ಎರಡೂ ಅದೇ ಕಂಪನಿಯವು. ಡ್ರೈವರ್ ಮರಿಸ್ವಾಮಿ ಹಾಡು ಬಂದ್ ಮಾಡಲೂ ಇಲ್ಲ. ಉಡಿ ತುಂಬ ಹೊನ್ನ ತಂದಾಳ. ಹೊಳೆಮ್ಮನ ತಲೆಯ ಮೇಲೆ ತುಂಬಿದ ಬುಟ್ಟಿ ಇತ್ತು. ಲಾರಿಗೆ ಹಾಕಿದ್ದ ಹಲಗೆ ಮೇಲೆ ಅರ್ಧ ಹತ್ತಿದ್ದಳು.

ಅವಳು ಹತ್ತಲಿಲ್ಲ. ಇಳಿದಳು. ಬುಟ್ಟಿಯನ್ನು ಜೀಪಿನ ಮುಂದೆ ತಂದು ಬೋರಲು ಹಾಕಿದಳು. ಅದಿರು ರಾಶಿಯಾಗಿ ಬಿತ್ತು. ಖಾಲಿ ಬುಟ್ಟಿಯನ್ನು ಕವುಚಿ ಅದರ ಮೇಲೆ ಕೂತಳು.

‘ಏ ಹೊಳೆಮ್ಮ! ಹುಚ್ಚು ಹಿಡಿದೈತೇನು?’ ಮೇಸ್ತ್ರಿ ಕೂಗಿದ. ‘ಎದ್ದೇಳು!’

‘ಆ ಹಾಡು ತಗಿಸ್ರಿ. ತಗಿಯೂ ತನಕ ಬುಟ್ಟಿ ಎತ್ತಂಗಿಲ್ಲ.’

‘ನೀ ಎತ್ತದಿದ್ರ ಇನ್ನೊಬ್ಬಾಕಿ ಎತ್ತತಾಳ!’

ಇನ್ನೊಬ್ಬಳು ವಿರುಪಮ್ಮ. ಅವಳ ತಲೆಯ ಮೇಲೂ ತುಂಬಿದ ಬುಟ್ಟಿ. ಜೀಪಿನ ಮೈಕು ನೋಡಿದಳು. ನಡು ಕತ್ತರಿಸಿದ ಹಾಡಿನಲ್ಲಿ ಅವಳ ಮೊಮ್ಮಗ ಇರಲಿಲ್ಲ. ಅವಳು ಬಂದು ಅದೇ ರಾಶಿಯ ಮೇಲೆ ಬುಟ್ಟಿ ಸುರಿದು ಹೊಳೆಮ್ಮನ ಪಕ್ಕ ಕೂತಳು. ಸೊಸೆ ಬಂದಳು. ಜರಡಿ ಹಿಡಿದವರು ಜರಡಿ ಬಿಟ್ಟರು. ಸುತ್ತಿಗೆಯವರು ಸುತ್ತಿಗೆ ಬಿಟ್ಟರು. ಜೀಪಿನ ಸುತ್ತ ಕೆಂಪು ಸೀರೆ, ಕೆಂಪು ಕೈ, ಕೆಂಪು ಮುಖ. ಹಿಂದೆ ಲಾರಿಗಳು ಸಾಲುಗಟ್ಟಿ ಹಾರ್ನ್ ಬಾರಿಸತೊಡಗಿದವು. ಬಂದರಿನಲ್ಲಿ ಹಡಗು ಕಾಯುತ್ತಿದೆ ಎಂದು ಮ್ಯಾನೇಜರ್ ಫೋನ್ ಹಿಡಿದು ಅತ್ತಿಂದಿತ್ತ ಓಡಾಡಿದ. ಹೆದರಿಸಿದ. ಜೆಸಿಬಿ ತರಿಸ್ತೀನಿ, ನಿಮ್ಮನ್ನೆಲ್ಲ ಮನೆಗೆ ಕಳಿಸ್ತೀನಿ ಅಂದ. ಅದು ಸುಳ್ಳಲ್ಲ, ತರಿಸಬಲ್ಲ. ಆದರೂ ಯಾರೂ ಏಳಲಿಲ್ಲ.

ಬಿಸಿಲು ನೆತ್ತಿಗೆ ಬರುವಷ್ಟರಲ್ಲಿ ಮ್ಯಾನೇಜರ್ ಕರೆಸಿದ ಕೊಟ್ರಯ್ಯ ಕಾರಿನಲ್ಲಿ ಬಂದ. ಸುದ್ದಿ ಕೇಳಿ ಹೊನ್ನೂರುಸ್ವಾಮಿಯೂ ಬಂದಿದ್ದ. ಕೊಟ್ರಯ್ಯ ಬಿಳಿ ಪ್ಯಾಂಟನ್ನು ಧೂಳು ತಾಗದಂತೆ ಎತ್ತಿ ಹಿಡಿದು ಹೊಳೆಮ್ಮನ ಮುಂದೆ ಬಗ್ಗಿದ. ಇಷ್ಟು ದಿನದಲ್ಲಿ ಅವನು ಅವಳ ಮುಂದೆ ಬಗ್ಗಿದ್ದು ಇದೇ ಮೊದಲು.

‘ನೋಡು ಹೊಳೆಮ್ಮವ್ವ’ ಅಂದ. ಅವ್ವ ಬೇರೆ ಸೇರಿಕೊಂಡಿತ್ತು. ‘ಹೆಸರಿನ ಸಲುವಾಗಿ ತಾನೇ ಇಷ್ಟೆಲ್ಲ? ನಾ ಸಹಿ ಹಾಕಿಕೊಡ್ತೀನಿ. ಬೆಂಗಳೂರು ಸಂಘಕ್ಕರ ಸೇರು, ನಮ್ಮದಕ್ಕರ ಸೇರು. ಹೊಸ ಕ್ಯಾಸೆಟ್ ಮ್ಯಾಲೆ ದಪ್ಪಕ್ಷರದಾಗ ಹಾಕಿಸ್ತೀನಿ, ರಚನೆ ಹೊಳೆಮ್ಮ ಅಂತ. ಜೀಪಿನ್ಯಾಗೂ ನಿನ್ನ ಹೆಸರು ಕೂಗ್ತಾರ. ಎದ್ದೇಳು ಇನ್ನ.’

ಹೊನ್ನೂರುಸ್ವಾಮಿ ಕಿವಿಯ ಹತ್ತಿರ ಬಂದ. ‘ಒಪ್ಪಿಕೊಳ್ಳಕ್ಕ. ತಾನಾಗೇ ಬಂದಾನ.’

ಹೊಳೆಮ್ಮನ ಮನಸ್ಸು ಒಂದು ಗಳಿಗೆ ತೂಗಾಡಿತು. ಸುಳ್ಳು ಯಾಕೆ ಹೇಳಬೇಕು? ಅವಳ ಅವ್ವನಿಗೆ ಸಿಗದಿದ್ದದ್ದು, ಕೇರಿಯಲ್ಲಿ ಯಾರಿಗೂ ಸಿಗದಿದ್ದದ್ದು. ದಪ್ಪಕ್ಷರದಲ್ಲಿ. ಆಸೆಯಾಯಿತು. ಬಾಯಲ್ಲಿ ನೀರೂರುವಷ್ಟು ಆಸೆಯಾಯಿತು. ಆಮೇಲೆ ಆ ಹೆಸರನ್ನು ಚೋರನೂರಿನ ಬೇವಿನ ಮರದ ಕೆಳಗೆ ಕೂಗುವುದನ್ನು ನೆನೆಸಿಕೊಂಡಳು.

‘ನನ್ನ ಹೆಸರು ಹಾಕೀರಿ ಗೀಕೀರಿ ಮತ್ತ!’ ಅಂದಳು. ‘ಆ ಜೀಪಿನ ಮ್ಯಾಲೆ ನನ್ನ ಹೆಸರು ಬಂತಂದ್ರ ಕಲ್ಲು ತಗೊಂಡು ಮೈಕು ಒಡಿತೀನಿ. ಹೆಸರು ಬ್ಯಾಡ. ಪಾಲೂ ಬ್ಯಾಡ. ಹಾಡು ತಗೀರಿ.’

‘ಸೊಕ್ಕು ನೋಡು!’ ಕೊಟ್ರಯ್ಯ ನೆಟ್ಟಗಾದ. ಅವ್ವ ಹಾರಿಹೋಯಿತು. ‘ಯಾವ ಸಂಘ ಐತಲೇ ನಿನ್ನ ಹಿಂದ? ಯಾವ ಸಂಘದವರ ಮಾತಿನ ಮ್ಯಾಲೆ ಕುಂತೀದಿ?’

ಹೊಳೆಮ್ಮ ಕೈ ಎತ್ತಿ ಸುತ್ತಲೂ ತೋರಿಸಿದಳು. ಬುಟ್ಟಿಗಳ ಮೇಲೆ ಕೂತವರೆಲ್ಲ ಕೊಟ್ರಯ್ಯನನ್ನೇ ನೋಡುತ್ತಿದ್ದರು.

‘ಇದ ನೋಡ್ರಿ ನಾ ಆರಿಸ್ಕೊಂಡ ಸಂಘ. ಹಾಡು ನಿಲ್ಲಿಸೂ ಸಂಘ ಎಲ್ಲಿರ್ತೈತಿ ಅಂತ ಕೇಳಿದ್ರಲ್ಲ?’

ವಿರುಪಮ್ಮ ಬಾಯಲ್ಲಿದ್ದ ಎಲೆ ಉಗುಳಿದಳು. ‘ಲೇ ಮರಿಸ್ವಾಮಿ, ನಮ್ಮ ಕೇರಿಯಾಗ ಹುಟ್ಟಿದವನಲ್ಲೇನು ನೀನು? ಆ ಕೂಸಿನ ಮಣ್ಣಿಗೆ ನೀನೂ ಬಂದಿದ್ದಿ.’

ಮರಿಸ್ವಾಮಿ ಮ್ಯಾನೇಜರನ್ನು ನೋಡಲಿಲ್ಲ. ಜೀಪಿನೊಳಗೆ ಕೈ ಹಾಕಿ ಕ್ಯಾಸೆಟ್ ಎಳೆದ. ಅವಸರದಲ್ಲಿ ಟೇಪು ಸಿಕ್ಕಿಕೊಂಡು ಉದ್ದಕ್ಕೆ ಹೊರಗೆ ಬಂತು. ಅದನ್ನು ಮುದ್ದೆ ಮಾಡಿ ಅದಿರಿನ ರಾಶಿಯ ಮೇಲೆ ಎಸೆದ. ಕೊಟ್ರಯ್ಯನ ಅಂಗಡಿಯಲ್ಲಿ ಇಂಥವು ಡಬ್ಬಿಗಟ್ಟಲೆ ಇದ್ದವು, ಅದು ಅವನಿಗೂ ಗೊತ್ತು, ಹೊಳೆಮ್ಮನಿಗೂ ಗೊತ್ತು.

ಮ್ಯಾನೇಜರ್ ಉಸ್ಸೆಂದ. ‘ತಗದಾತಲ್ಲ? ಏಳ್ರಿ ಇನ್ನ. ಜಲ್ದಿ ಜಲ್ದಿ ಲೋಡ್ ಮಾಡ್ರಿ.’

ಹೊಳೆಮ್ಮ ಎದ್ದಳು. ಸೀರೆ ಕೊಡವಿದಳು. ವಿರುಪಮ್ಮನ ಕೈ ಹಿಡಿದು ಎಬ್ಬಿಸಿದಳು. ಎಲ್ಲರೂ ಎದ್ದರು. ಬುಟ್ಟಿಗಳು ಬಿದ್ದಲ್ಲೇ ಬಿದ್ದಿದ್ದವು. ಹೆಂಗಸರು ಲಾರಿಗಳ ನಡುವೆ ಹಾಯ್ದು ಸಂಡೂರಿನ ಬಸ್ಸು ಸಿಗುವ ರಸ್ತೆಯ ಕಡೆ ನಡೆದರು.

‘ಏ, ಎಲ್ಲಿಗೆ? ಎಲ್ಲಿಗೆ ಹೊಂಟ್ರಿ?’

‘ಚೋರನೂರಿಗೆ’ ಅಂದಳು ಹೊಳೆಮ್ಮ, ತಿರುಗಿ ನೋಡದೆ. ‘ಅವ್ರಿಗೆ ಹಾಡು ಅರ್ಧ ಮುಟ್ಟೈತಿ.’